ಸ್ಪ್ರಿಂಗಿಗೆ ಕೈ ಹಚ್ಚೋಕಿಂತ ಮೊದ್ಲು ಬುಷ್ ನೋಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತು ನನಗ ಕೊಟ್ಟಿರೋ ವಿಷಯ, ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಮನ್ಯಾಗ ಅಪ್‌ಗ್ರೇಡ್ ಮಾಡ್ಕೊಳ್ಳೋದು ಹೆಂಗ ಅಂತ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಸ್ಪೋರ್ಟ್ಸ್ ಕಾರ್ ಎಲ್ಲಿ ಅದಾವ್ರೀ ಅಂತ ನಗಬ್ಯಾಡ್ರಿ. ಮೈನಿಂಗ್ ಜೋರಿದ್ದಾಗ ಬಳ್ಳಾರಿಗೆ ಎಂಥೆಂಥಾ ಗಾಡಿ ಬಂದಿದ್ವು ನಿಮಗೂ ನೆನಪಿರ್ಬೇಕು, 2011ರ ಜುಲೈನಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮ್ಯಾಲೆ ಅವು ಒಂದೊಂದಾಗಿ ಕೈ ಬದಲಾದ್ವು, ಈಗ ಅಂಥಾವನ್ನ ಸೆಕೆಂಡ್ ಹ್ಯಾಂಡು, ಥರ್ಡ್ ಹ್ಯಾಂಡು ತಗೊಂಡು ಓಡ್ಸೋ ಹುಡುಗ್ರು ಗಂಗಾವತ್ಯಾಗೂ ಅದಾರ, ಸಿಂಧನೂರಾಗೂ ಅದಾರ. ಅವ್ರಿಗಂತಾನ ಈ ಮಾತು. ಪೋಲೋ, ಸ್ವಿಫ್ಟ್ ಇಟ್ಟವ್ರೂ ಕೇಳ್ರಿ, ಬಿಚ್ಚೋ ಬೋಲ್ಟು ಎಲ್ಲಾದ್ರಾಗೂ ಒಂದ ನಮೂನಿ.

ನಾ ಹೇಳಾಕ ಬಂದಿದ್ದು ಒಂದ ಮಾತು. ಸ್ಪ್ರಿಂಗಿಗೆ ಕೈ ಹಚ್ಚೋಕಿಂತ ಮೊದ್ಲು ಬುಷ್ ನೋಡ್ರಿ. ಟೈಮ್ ಇಲ್ದವ್ರು ಇಷ್ಟು ಕೇಳಿ ರೇಡಿಯೋ ಬಂದ್ ಮಾಡಿದ್ರೂ ನಡೀತೈತಿ.

ಸಸ್ಪೆನ್ಷನ್ ಕೆಲ್ಸ ಏನಪ್ಪಾ ಅಂತ ಕೇಳಿದ್ರ ಎಲ್ಲಾರೂ ಕುಲುಕಾಟ ಕಮ್ಮಿ ಮಾಡೋದು ಅಂತಾರ. ಅದು ಆಮ್ಯಾಲಿನ ಮಾತು. ಮೊದಲ್ನೇ ಕೆಲ್ಸ ಅಂದ್ರ ಟೈರ್ ರೋಡ್ ಬಿಡದಂಗ ನೋಡ್ಕೊಳ್ಳೋದು. ಟೈರ್ ರೋಡಿಗೆ ಹತ್ಕೊಂಡಿದ್ರ ಬ್ರೇಕ್ ಹಿಡೀತೈತಿ, ಸ್ಟೀರಿಂಗ್ ಮಾತು ಕೇಳ್ತೈತಿ, ಗಾಳ್ಯಾಗಿದ್ರ ನೀವು ಏನ್ ಮಾಡಿದ್ರೂ ಕೇಳಂಗಿಲ್ಲ. ಸ್ಪ್ರಿಂಗ್ ಗಾಡಿ ಭಾರ ಹೊರ್ತೈತಿ, ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗ್ ಕುಣಿಯೋದನ್ನ ಹಿಡಿದು ನಿಲ್ಲಿಸ್ತೈತಿ, ಆರ್ಮು, ಲಿಂಕು ಇವೆಲ್ಲಾ ಗಾಲಿ ಯಾವ ದಿಕ್ಕಿಗೆ ಮುಖ ಮಾಡ್ಬೇಕು ಅಂತ ಹಿಡ್ಕೊಂಡಿರ್ತಾವ, ಆ ಆರ್ಮು ಗಾಡಿಗೆ ಕೂಡೋ ಜಾಗದಾಗ ಎರಡು ಕಬ್ಬಿಣದ ಕೊಳವಿ ನಡುವ ಒಂದಿಷ್ಟು ರಬ್ಬರ್ ಇರ್ತೈತಲ್ಲ, ಅದ ಬುಷ್. ಅದು ಹರೀತು ಅಂದ್ರ ಗಾಲಿ ತನಗ ಬೇಕಾದ ಕಡೆ ಹೊಕ್ಕೈತಿ. ಆಗ ನೀವು ಲಕ್ಷ ರೂಪಾಯಿ ಕಾಯಿಲ್‌ಓವರ್ ಕಿಟ್, ಅಂದ್ರ ಶಾಕ್ ಸುತ್ತ ಸ್ಪ್ರಿಂಗ್ ಕೂಡ್ಸಿದ ಸೆಟ್, ತಂದು ಹಾಕ್ರಿ, ಅದು ಅಚ್ಚಿನ ಕೀಲು ಸಡ್ಲಾದ ಬಂಡಿಗೆ ಹೊಸಾ ಎತ್ತು ಹೂಡಿದಂಗ.

ರಬ್ಬರಿಗೆ ಆಗದವು ಬಿಸ್ಲು, ಎಣ್ಣಿ, ವಯಸ್ಸು. ನಮ್ಮ ಕಡೆ ಏಪ್ರಿಲ್ ಬಂತಂದ್ರ 40 ಡಿಗ್ರಿ ದಾಟಿ ಹೊಕ್ಕೈತಿ. ಹತ್ತು ಹದಿನೈದು ವರ್ಷದ ಗಾಡಿ, ಮೀಟರ್ ಎಷ್ಟು ಕಮ್ಮಿ ತೋರ್ಸಿದ್ರೂ, ಬುಷ್ ಚಲೋ ಐತಿ ಅಂತ ನಾನಂತೂ ನೋಡದ ಒಪ್ಪಂಗಿಲ್ಲ.

ಆದ್ರ ಹುಡುಗ್ರು ಬಂದು ಕೇಳೋದು ಏನು? ಸರ್, ಗಾಡಿ ಎಷ್ಟು ಇಂಚು ಕೆಳಗ ಇಳಿಸ್ಬೋದು? ಅಷ್ಟ. ಅಲ್ರೀ, ಹೊಸಪೇಟೆ, ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ಓಡಾಡಿ ರೋಡೆಲ್ಲಾ ಗಾಲಿ ಹಾದಿ ಬಿದ್ದೈತಿ, ಅದ್ರಾಗ ಇಳ್ಸಿದ ಗಾಡಿ ತಗೊಂಡು ಎಲ್ಲಿಗೆ ಹೋಗ್ತೀರಿ? ನೋಡಾಕ ಚೆಂದ, ಒಪ್ಕೋತೀನಿ. ಆದ್ರ ಸ್ಪ್ರಿಂಗು, ಶಾಕು ಒಂದ ಕಂಬದಾಗ ಕೂಡಿರೋ ಮ್ಯಾಕ್‌ಫರ್ಸನ್ ಸ್ಟ್ರಟ್ ಮುಂದ್ಗಡೆ ಇರೋ ಗಾಡಿ ಇಳ್ಸಿದ್ರ ಲೋಯರ್ ಆರ್ಮ್ ಆಂಗಲ್ ಕೆಡ್ತೈತಿ, ಗಾಡಿ ಇಳಿದಿದ್ದಕ್ಕಿಂತ ಜಾಸ್ತಿ ಅದ್ರ ರೋಲ್ ಸೆಂಟರ್, ಅಂದ್ರ ಗಾಡಿ ಯಾವ ಬಿಂದು ಸುತ್ತ ವಾಲ್ತೈತೋ ಅದು, ಇಳಿದ್ಬಿಡ್ತೈತಿ, ಅಂದ್ರ ತಿರುವಿನ್ಯಾಗ ಗಾಡಿ ವಾಲ್ಸೋ ಜೋರು ಇನ್ನೂ ಜಾಸ್ತಿ ಆತು. ತಗ್ಗಿಗೆ ಬಿದ್ದಾಗ ಶಾಕ್‌ಗೆ ಆಡಾಕ ಜಾಗ ಇಲ್ದ ಕಡೀಕ ತಡಿಯೋ ಬಂಪ್ ಸ್ಟಾಪ್‌ಗೆ ಹೋಗಿ ಹೊಡೀತೈತಿ. ಗಟ್ಟಿ ಇದ್ದಷ್ಟೂ ಸ್ಪೋರ್ಟಿ ಅನ್ನೋದನ್ನ ತಲಿಯಿಂದ ತಗೀರಿ. ಇಂಗ್ಲೆಂಡಿನ ಲೋಟಸ್ ಕಂಪನಿ ರೇಸ್‌ನಾಗ ಹೆಸ್ರು ಮಾಡಿದ್ದು, ಅವ್ರ 1962ರ ಎಲಾನ್ ಕಾರಿಗೆ ಹಾಕಿದ್ದು ಮೆತ್ತನ್ನ ಸ್ಪ್ರಿಂಗು, ಅದನ್ನ ಸರಿಯಾಗಿ ಹಿಡಿಯೋ ಡ್ಯಾಂಪರು, ಅಂದ್ರ ಶಾಕ್ ಅಬ್ಸಾರ್ಬರು. ತಿರುವಿನ್ಯಾಗ ಅದ್ರಷ್ಟು ಚಲೋ ನಡಿಯೋ ಗಾಡಿ ಇಲ್ಲ ಅಂತ ಇವತ್ತಿಗೂ ಹೇಳೋ ಮಂದಿ ಅದಾರ.

ಒಂದು ಸಂಗ್ತಿ ಹೇಳ್ತೀನಿ, ಇದು ನನಗ ಭಾಳ ಸೇರೋ ಸಂಗ್ತಿ. ಗಂಗಾವತಿ ಕಡೆ ಹುಡುಗ, ಮನ್ಯಾಗ ರೈಸ್ ಮಿಲ್ ಐತಿ. ಎರಡು ಬಾಗಿಲಿನ ಹಳೇ ಜರ್ಮನ್ ಕಾರ್ ತಗೊಂಡಿದ್ದ. ಕುಷ್ಟಗಿ ಕಡೆ ಹೈವೇದಾಗ ಸ್ಪೀಡ್ ಹಿಡಿದ್ರ ಗಾಡಿ ಆ ಕಡೆ ಈ ಕಡೆ ಹರೀತೈತಿ, ಬ್ರೇಕ್ ಒತ್ತಿದ್ರ ಎಡಕ್ಕ ಎಳೀತೈತಿ, ಹಂಪಿನ ಮ್ಯಾಲೆ ಟಕ್ ಅಂತೈತಿ ಅಂತ ಫೋನ್ ಮಾಡಿದ. ಮಾಡಿದಾವ ಸುಮ್ನಿರ್ಲಿಲ್ಲ, ಇಳ್ಸೋ ಸ್ಪ್ರಿಂಗ್ ತರ್ಸಿಟ್ಟೀನಿ, ಬರ್ರಿ ಹಾಕೋಣು ಅಂದ. ಮನಿ ಮುಂದ ಶಾಬಾದಿ ಪರಸಿ ಹಾಸ್ಯಾರಂತ, ಅದ್ರ ಮ್ಯಾಲೆ ಜಾಕ್ ಬ್ಯಾಡ, ಒಂದ ಕಡೆ ಭಾರ ಬಿದ್ರ ಪರಸಿ ಫಟ್ ಅಂತ ಒಡೀತೈತಿ ಅಂದೆ. ಬಾಜೂಕ ಎರಿ ಮಣ್ಣು, ಅದ್ರಾಗ ಜಾಕ್ ಇಳಿದು ಹೊಕ್ಕೈತಿ. ಕಡೀಕ ಮಿಲ್ಲಿನ್ಯಾಗ ನೆಲ್ಲು ಒಣಗ್ಸೋ ಕಾಂಕ್ರೀಟ್ ಕಣ ಐತಲ್ಲ, ಅಲ್ಲಿಗೆ ಗಾಡಿ ತರ್ಸಿದೆ. ಸಪಾಟು, ಗಟ್ಟಿ, ಅದಕ್ಕಿಂತ ಚಲೋ ಜಾಗ ಯಾವ ಗ್ಯಾರೇಜ್‌ನಾಗೂ ಸಿಗಂಗಿಲ್ಲ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಕೈಲೆ ಅಲ್ಲಾಡ್ಸಿ ನೋಡಿ, ಆಮ್ಯಾಲ ಕೆಳಗ ಹೋದ್ವಿ. ಜಾಕ್ ಒಂದನ್ನ ನಂಬಿ ಗಾಡಿ ಕೆಳಗ ಯಾರೂ ಹೋಗ್ಬ್ಯಾಡ್ರಿ, ದಮ್ಮಯ್ಯ.

ಕೆಳಗ ಹೋಗಿ ಒಂದು ಸಣ್ಣ ಹಾರಿ ತಗೊಂಡು ಲೋಯರ್ ಆರ್ಮ್ ಮತ್ತ ಅದು ಕೂಡೋ ಚೌಕಟ್ಟು ಸಬ್‌ಫ್ರೇಮ್ ನಡುವ ಇಟ್ಟು ಮೀಟಿದೆ ನೋಡ್ರಿ, ಆರ್ಮ್ ಬೆರಳು ದಪ್ಪ ಸರೀತು! ಟಾರ್ಚ್ ಬಿಟ್ಟು ನೋಡಿದ್ರ ರಬ್ಬರ್ ನಡುವಿನ ಕೊಳವಿಯಿಂದ ಸುತ್ತೂ ಕಿತ್ಕೊಂಡೈತಿ, ಆ ಕಡೆ ಬೆಳಕು ಕಾಣಾಕತ್ತೈತಿ. ನೆಲ್ಲು ಇಳ್ಸಾಕ ಬಂದಿದ್ದ ಹಳೇ ಲಾರಿ ಡ್ರೈವರ್ ಒಬ್ಬ ಬೀಡಿ ಆರ್ಸಿ ಬಗ್ಗಿ ನೋಡಿದ, ಪಾಟಾ ಸ್ಪ್ರಿಂಗಿನ ಬುಷ್ ಹೋದಾಗ ನನ್ನ ಲಾರಿನೂ ಹಿಂಗ ಎಡಕ್ಕ ಎಳೀತಿತ್ರಿ ಅಂದ. ನೋಡ್ರಿ, ಆ ಮನಿಷ್ಯಾಗ ಅರ್ಧ ನಿಮಿಷದಾಗ ತಿಳಿದಿದ್ದು ನಮ್ಮ ಹುಡುಗ್ಗ ತಿಂಗಳಾನುಗಟ್ಲೆ ಮೊಬೈಲ್‌ನಾಗ ವಿಡಿಯೋ ನೋಡಿದ್ರೂ ತಿಳಿದಿರ್ಲಿಲ್ಲ.

ಇನ್ನೊಂದು ಮಜಾ ಅಂದ್ರ ಆ ಬುಷ್ ಹಳೇದಲ್ಲ. ಹಿಂದಿನ ಮಾಲೀಕ ಬದಲ್ಸಿದ ಬಿಲ್ ಗಾಡ್ಯಾಗ ಇತ್ತು. ಮತ್ಯಾಕ ಹರೀತು? ಯಾರೋ ಗಾಲಿ ಗಾಳ್ಯಾಗ ಜೋತಾಡೋವಾಗ ಬೋಲ್ಟ್ ಬಿಗಿದಾರ, ಅದಕ್ಕ. ಇದನ್ನ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ, ಮನ್ಯಾಗ ಕೆಲ್ಸ ಮಾಡವ್ರು ಎಲ್ಲಾರೂ ಇಲ್ಲೇ ಎಡವ್ತಾರ. ಬುಷ್ ರಬ್ಬರ್ ಬೇರಿಂಗ್ ಗತೆ ತಿರುಗಂಗಿಲ್ಲ, ಎರಡೂ ಕೊಳವಿಗೆ ಅಂಟ್ಕೊಂಡಿರ್ತೈತಿ, ಆರ್ಮ್ ಮ್ಯಾಲೆ ಕೆಳಗ ಆಡಿದ್ರ ರಬ್ಬರ್ ತಿರುಚ್ಕೊಂತೈತಿ ಅಷ್ಟ. ಗಾಲಿ ಜೋತಾಡೋವಾಗ ಬಿಗಿದ್ರಿ ಅಂದ್ರ ಗಾಡಿ ನೆಲಕ್ಕ ಇಳಿಸಿದ ಕೂಡ್ಲೇ ರಬ್ಬರ್ ತಿರುಚ್ಕೊಂಡ ನಿಂತ್ಕೊಂತೈತಿ, ಮ್ಯಾಲೆ ಪ್ರತಿ ತಗ್ಗಿಗೂ ಇನ್ನೊಂದಿಷ್ಟು ತಿರುಚ್ತೈತಿ, ಬಾಳ ದಿನ ತಾಳಂಗಿಲ್ಲ.

ಅದಕ್ಕ ನಾವು ಏನ್ ಮಾಡಿದ್ವಿ ಅಂದ್ರ, ಜಾಕ್ ಕೊಡೋಕಿಂತ ಮೊದ್ಲ ಗಾಲಿ ನಡು ಮಧ್ಯದಿಂದ ಮ್ಯಾಲಿನ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡ್ದು ಅಳತಿ ತಗೊಂಡು ಕಣದ ಮ್ಯಾಲೆ ಸೀಮೆಸುಣ್ಣದಾಗ ಬರ್ದಿಟ್ಟಿದ್ವಿ. ಬುಷ್ ಒತ್ತಿ ಹಾಕಾಕ ಹೈಡ್ರಾಲಿಕ್ ಪ್ರೆಸ್ ಬೇಕು, ಮನ್ಯಾಗ ಸುತ್ತಿಗಿ ತಗೊಂಡು ಬಡ್ಯಾಕ ಹೋಗ್ಬ್ಯಾಡ್ರಿ, ಹೊಸಾದು ಒಳಗ ಹೋಗೋಕಿಂತ ಮೊದ್ಲ ಹಾಳಾಕ್ಕೈತಿ. ಅದಕ್ಕ ಬುಷ್, ಗಾಲಿ ಕಡೆ ಕೀಲಾದ ಬಾಲ್ ಜಾಯಿಂಟ್ ಕೂಡೇ ಬರೋ ಪೂರ್ತಿ ಆರ್ಮ್ ಎಡಕ್ಕೊಂದು ಬಲಕ್ಕೊಂದು ತರ್ಸಿದ್ವಿ, ಬೋಲ್ಟೂ ಹೊಸಾವ, ಯಾಕಂದ್ರ ಜರ್ಮನ್ ಗಾಡ್ಯಾಗ ಭಾಳ ಬೋಲ್ಟ್ ಒಮ್ಮೆ ಬಿಚ್ಚಿದ್ರ ಮತ್ತ ಹಾಕಬಾರ್ದು ಅಂತ ಕಂಪನಿನ ಹೇಳಿರ್ತೈತಿ. ಬೋಲ್ಟ್ ಕೈಲೆ ತಿರುವಿ ಸಡ್ಲ ಬಿಟ್ವಿ. ಆಮ್ಯಾಲ ಇನ್ನೊಂದು ಜಾಕ್ ತಗೊಂಡು ಗಾಲಿ ಕಡೆ ಆರ್ಮ್ ತುದಿಗೆ ಕೊಟ್ಟು ನಿಧಾನಕ ಎತ್ತಿದ್ವಿ, ಟೇಪಿನ ಅಳತಿ ಸೀಮೆಸುಣ್ಣದ ಅಳತಿಗೆ ಕೂಡಿದ ಮ್ಯಾಲೆ, ಬಿಗಿ ಎಷ್ಟು ಬಂತು ಅಂತ ತಿಳ್ಸೋ ಟಾರ್ಕ್ ರೆಂಚ್ ಹಾಕಿ ಬಿಗಿದ್ವಿ. ಆಜೂಬಾಜೂ ಹಮಾಲ್ರು ನಿಂತ್ಕೊಂಡು ನೋಡಾಕತ್ತಿದ್ರು, ಟಾರ್ಕ್ ರೆಂಚ್ ಕಟಕ್ ಅಂದಾಗ ಮುರೀತೇನೋ ಅಂತ ಒಬ್ಬಾವ ಹಿಂದ ಸರ್ದ.

ಮರುದಿನ ಆ ಹುಡುಗನ ಫೋನ್. ಸರ್, ಗಾಡಿ ಹಳೀ ಮ್ಯಾಲೆ ಹೋದಂಗ ಹೊಕ್ಕೈತ್ರಿ ಅಂದ. ಚಲೋ ಆತಪ್ಪಾ ಅಂದೆ. ಆಮ್ಯಾಲ ಕೇಳಿದ, ಸರ್, ಸ್ಪ್ರಿಂಗ್ ಯಾವಾಗ ಹಾಕೋಣು? ಏನ್ ಹೇಳ್ಲಿ ಇಂಥಾವ್ರಿಗೆ!

ಗಾಜಿನ ಆ ಕಡೆಯಿಂದ ಕೈ ಮಾಡಾಕತ್ತಾರ, ಟೈಮ್ ಆತಂತ. ಉಳಿದಿದ್ದು ಲಗೂ ಲಗೂ ಹೇಳಿಬಿಡ್ತೀನಿ.

ಬುಷ್ ನೋಡಿದ್ರಿ, ಬದಲ್ಸಿದ್ರಿ. ಆಮ್ಯಾಲ ಶಾಕ್ ಅಬ್ಸಾರ್ಬರ್. ರಾಡ್ ಸುತ್ತ ಎಣ್ಣಿ ಸೋರಿ ಧೂಳು ಮೆತ್ಕೊಂಡಿದ್ರ ಅದು ಹೋತು ಅಂತ. ಒಂದ ಬದಲ್ಸಬ್ಯಾಡ್ರಿ, ಮುಂದಿಂದಾದ್ರ ಮುಂದಿಂದು ಎರಡೂ, ಹಿಂದಿಂದಾದ್ರ ಹಿಂದಿಂದು ಎರಡೂ. ಕೂಡೇ ಶಾಕ್ ಮ್ಯಾಲಿನ ತುದಿ ಗಾಡಿಗೆ ಕೂಡ್ಸೋ ಟಾಪ್ ಮೌಂಟ್, ಬಂಪ್ ಸ್ಟಾಪ್ ಹೊಸಾವ ಹಾಕ್ರಿ, ಹೆಂಗೂ ಬಿಚ್ಚಿರ್ತೀರಿ. ಅಡ್ಜಸ್ಟ್ ಮಾಡೋ ಶಾಕ್ ತಂದಿದ್ರ ಭಾಳ ಮೆತ್ತಗಿನ ಸೆಟಿಂಗ್‌ನಾಗ ಶುರು ಮಾಡಿ ಒಂದೊಂದ ಕ್ಲಿಕ್ ಏರ್ಸ್ಕೋತ ಬರ್ರಿ, ಟೈರ್ ರೋಡ್ ಮ್ಯಾಲೆ ಜಿಗ್ಯಾಕತ್ತಿದ್ರ ಹಿಂದಕ ಬರ್ರಿ.

ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚೋದು ಮಾತ್ರ ಮನ್ಯಾಗ ಬ್ಯಾಡ. ಒತ್ತಿ ಹಿಡ್ದ ಸ್ಪ್ರಿಂಗ್‌ನಾಗ ನೂರಾರು ಕೆಜಿ ಜೋರು ಕೂತಿರ್ತೈತಿ, ಅದನ್ನ ಒತ್ತಿ ಹಿಡಿಯೋ ಕಂಪ್ರೆಸರ್ ಕೊಂಡಿ ಜಾರಿದ್ರ ಮಾರಿ ಇರಂಗಿಲ್ಲ. ಸ್ಟ್ರಟ್ ನೀವ ಬಿಚ್ಚಿ, ಗೋಡೆಗೆ ಹಾಕಿದ ದೊಡ್ಡ ಕಂಪ್ರೆಸರ್ ಇರೋ ವರ್ಕ್‌ಶಾಪಿಗೆ ಒಯ್ದು ಸ್ಪ್ರಿಂಗ್ ಬದಲ್ಸ್ಕೊಂಡು ಬರ್ರಿ, ಸ್ಪ್ರಿಂಗ್ ಹಿಡ್ಕೊಂಡಿರೋ, ಸ್ಟ್ರಟ್ ಮ್ಯಾಲಿನ ನಡುವಿನ ನಟ್ ಮಾತ್ರ ಮನ್ಯಾಗ ಬಿಚ್ಚಬ್ಯಾಡ್ರಿ. ರಬ್ಬರ್ ಬದ್ಲಿ ಗಟ್ಟಿ ಪ್ಲಾಸ್ಟಿಕ್ಕಿನಂಥಾ ಪಾಲಿಯುರೇಥೇನ್ ಬುಷ್ ಹಾಕೋಣೇನು ಅಂತ ಕೇಳ್ತೀರಿ, ರೇಸಿಗೆ ಚಲೋ, ನಮ್ಮ ರೋಡಿಗೆ ಕಿರ್ ಕಿರ್ ಅಂತ ಜೀವ ತಿಂತೈತಿ, ಸಿಲಿಕೋನ್ ಗ್ರೀಸ್ ಹಚ್ಚದಿದ್ರಂತೂ ಕೇಳ್ಲೇಬ್ಯಾಡ್ರಿ. ಕಾನೂನೂ ಒಂದು ಐತಿ, ಮೋಟಾರು ವಾಹನ ಕಾಯ್ದೆ 52ನೇ ಕಲಂ, ಕಂಪನಿ ಸ್ಪೆಸಿಫಿಕೇಷನ್ ಬಿಟ್ಟು ಗಾಡಿ ಬದಲ್ಸಬಾರ್ದು ಅಂತ ಸುಪ್ರೀಂ ಕೋರ್ಟ್ 2019ರಾಗ ಮತ್ತ ಹೇಳೈತಿ, ಇಳ್ಸೋ ಹುಡುಗ್ರು ಅದನ್ನೂ ಕಿವಿಗೆ ಹಾಕ್ಕೋರಿ. ಹಳೇ ಬುಷ್ ತಗ್ದು ಕಂಪನಿದ ಹೊಸಾದು ಹಾಕಿದ್ರ ಯಾವ ಪೊಲೀಸೂ ಕೇಳಂಗಿಲ್ಲ.

ಕೆಲ್ಸ ಮುಗಿದ ಮ್ಯಾಲೆ ಗಾಲಿ ದಿಕ್ಕು ಸರಿ ಮಾಡೋ ಅಲೈನ್‌ಮೆಂಟ್ ಮಾಡಿಸ್ರಿ, ಮುಂದ್ಗಡೆ ಅಷ್ಟ ಅಲ್ಲ, ನಾಲ್ಕೂ ಗಾಲಿದು, ಪ್ರಿಂಟ್ ಕೇಳಿ ಇಸ್ಕೊಳ್ರಿ. ಇಲ್ಲಂದ್ರ ಟೈರ್ ಒಳಗಿನ ಅಂಚು ಸವೀತೈತಿ, ಹೊರಗಿಂದ ನೋಡಿದ್ರ ಕಾಣಂಗೂ ಇಲ್ಲ. ಒಂದು ನೂರು ಕಿಲೋಮೀಟರ್ ಓಡ್ಸಿ ಬಂದು ಬಿಚ್ಚಿದ ಬೋಲ್ಟ್ ಎಲ್ಲಾ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡ್ರಿ, ಗಾಡಿ ನೆಲದ ಮ್ಯಾಲೆ ನಿಂತಾಗ. ಸ್ಪ್ರಿಂಗ್ ಮಾತು ಇನ್ನೊಮ್ಮೆ ಕರದ್ರ ಹೇಳ್ತೀನಿ, ಅಷ್ಟ್ರಾಗ ಬುಷ್ ನೋಡಿರ್ರಿ. ನಮಸ್ಕಾರ.