ಬ್ಯಾಂಕಾಕ್‌ನ ಹಳೇ ಊರು ಒಂದು ದಿನದಲ್ಲಿ: ದೋಣಿ, ಅರಮನೆ, ಊಟ, ಮೋಸ

[ದೃಶ್ಯ: ಬೆಳಗಿನ ಚಾವೊ ಫ್ರಯಾ ನದಿ. ಕಿತ್ತಳೆ ಬಾವುಟದ ದೋಣಿ ಜೆಟ್ಟಿಗೆ ಬಂದು ತಾಗುತ್ತಿದೆ.]

ನಿರೂಪಣೆ:
ನಮಸ್ಕಾರ. ಬ್ಯಾಂಕಾಕ್‌ಗೆ ಹೋದ ಬಹಳಷ್ಟು ಜನ ಒಂದೇ ತಪ್ಪು ಮಾಡ್ತಾರೆ. ಹೋಟೆಲ್‌ನಲ್ಲಿ ನಿಧಾನಕ್ಕೆ ತಿಂಡಿ ಮುಗಿಸಿ, ಹತ್ತೂವರೆಗೆ ಟ್ಯಾಕ್ಸಿ ಹತ್ತಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಸೂರ್ಯ ನೆತ್ತಿಗೇರಿದ ಹೊತ್ತಿಗೆ ಗ್ರ್ಯಾಂಡ್ ಪ್ಯಾಲೇಸ್ ಬಾಗಿಲಿಗೆ ಬರ್ತಾರೆ. ಅಷ್ಟರಲ್ಲಿ ಟೂರ್ ಬಸ್ಸುಗಳ ಜನ ಒಳಗೆ ಸೇರಿರುತ್ತಾರೆ. ಅಂಗಳದಲ್ಲಿ ನೆರಳು ಕಡಿಮೆ, ನೆಲ ಸುಡುತ್ತಿರುತ್ತೆ. ಅರ್ಧ ಗಂಟೆಯಲ್ಲಿ ನಾಲ್ಕು ಫೋಟೋ ತೆಗೆದು ಸಾಕಪ್ಪಾ ಅಂತ ಹೊರಗೆ. ಅರಮನೆ, ವಾಟ್ ಫೋ ಮತ್ತು ವಾಟ್ ಅರುಣ್ ಅನ್ನುವ ದೇವಸ್ಥಾನಗಳು, ಮೂರೂ ನದಿಗೆ ಅಂಟಿಕೊಂಡೇ ಇವೆ. ನದಿ ಮೇಲೆ ಹೋದರೆ ಟ್ರಾಫಿಕ್ ಮಾತೇ ಬರಲ್ಲ.

ಅದಕ್ಕೂ ಮೊದಲು ಕಾಗದಪತ್ರದ ವಿಷಯ, ಬೇಗ ಮುಗಿಸೋಣ.

[ತೆರೆಯ ಮೇಲೆ: ಟಿಡಿಎಸಿ, ಉಚಿತ, ತಲುಪುವುದಕ್ಕೆ ಮುಂಚಿನ 3 ದಿನದೊಳಗೆ]

2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ಟಿಡಿಎಸಿ, ತುಂಬಬೇಕು. ಮಕ್ಕಳಿಗೂ ಬೇಕು. ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಿ, ಬಂದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಫೀಸು ಕೇಳುವ ಸೈಟುಗಳೇ ಮೊದಲು ಬರಬಹುದು. ವಿಳಾಸದ ಕೊನೆಯಲ್ಲಿ 'ಗೋ ಡಾಟ್ ಟಿಎಚ್' ಇದ್ದರೆ ಮಾತ್ರ ಸರ್ಕಾರಿ ಸೈಟು. ಈ ಕಾರ್ಡು ವೀಸಾ ಅಲ್ಲ. ಭಾರತೀಯರ ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ತೆಗೆಯುವ ವಾರದಲ್ಲೇ ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿ.

ದುಡ್ಡು: ಅಲ್ಲಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ (ಥಾಯ್ಲೆಂಡ್‌ನ ಹಣ) ಅಥವಾ ಇನ್ನೂ ಜಾಸ್ತಿ ಹಿಡಿಯುತ್ತವೆ. ಸ್ವಲ್ಪ ಸ್ವಲ್ಪ ತೆಗೆದರೆ ನಷ್ಟ ನಿಮಗೇ. ಮೆಷಿನ್ 'ರೂಪಾಯಿಯಲ್ಲಿ ಲೆಕ್ಕ ಹಾಕಲಾ' ಅಂತ ಕೇಳಿದರೆ ಬೇಡ ಅನ್ನಿ, ಬಾತ್‌ನಲ್ಲೇ ಇರಲಿ. ರೂಪಾಯಿ ಆರಿಸಿದರೆ ಎಟಿಎಂನವರು ತಮಗೆ ಬೇಕಾದ ದರ ಹಾಕುತ್ತಾರೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ನೋಟು ಬದಲಾಯಿಸೋದಾದರೆ ಹೊರಗೆ ಬಂದ ತಕ್ಷಣ ಕಾಣುವ ಕೌಂಟರ್ ಬಿಟ್ಟು, ಕೆಳಗೆ ರೈಲಿನ ಅಂತಸ್ತಿಗೆ ಹೋಗಿ, ಅಲ್ಲಿ ದರ ಚೆನ್ನಾಗಿರುತ್ತೆ. ಯುಪಿಐ ನಂಬಿಕೊಂಡು ಬರಿಗೈಲಿ ಹೋಗಬೇಡಿ. ತಿಂಡಿಗಾಡಿಯವರ ಹತ್ತಿರ ನೇತುಹಾಕಿರೋ ಕ್ಯೂಆರ್ ಥಾಯ್ ಬ್ಯಾಂಕಿನದು.

ಅದೇ ಕೆಳ ಅಂತಸ್ತಿನಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತೆ. ಕೊನೆಯ ನಿಲ್ದಾಣ ಫಯಾ ಥಾಯ್, ಸುಮಾರು ಅರ್ಧ ಗಂಟೆ, 45 ಬಾತ್. ಅಲ್ಲಿ ಬಿಟಿಎಸ್, ಅಂದರೆ ಮೇಲ್ಸೇತುವೆ ಮೇಲಿನ ಮೆಟ್ರೊ ರೈಲು, ಸಿಗುತ್ತೆ. ಮೂರು ದೊಡ್ಡ ಸೂಟ್‌ಕೇಸ್, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದರೆ ಮೀಟರ್ ಟ್ಯಾಕ್ಸಿಯೇ ವಾಸಿ. ಮೆಷಿನ್‌ನಿಂದ ಚೀಟಿ ತಗೊಂಡು ಅದರಲ್ಲಿರುವ ನಂಬರಿನ ಸಾಲಿಗೆ ಹೋಗಿ. ಮೀಟರ್ 35 ಬಾತ್‌ನಿಂದ ಶುರು, ಏರ್‌ಪೋರ್ಟ್ ಶುಲ್ಕ 50 ಬಾತ್ ಸೇರುತ್ತೆ, ಟೋಲ್ ಬೇರೆ. ಚೀಟಿಯನ್ನು ಡ್ರೈವರ್‌ಗೆ ಕೊಟ್ಟುಬಿಡಬೇಡಿ. ತಕರಾರು ಬಂದರೆ ಗಾಡಿಯ ನಂಬರ್ ಅದರಲ್ಲೇ ಇರೋದು.

[ದೃಶ್ಯ: ಬಿಟಿಎಸ್ ಸಫಾನ್ ಟಾಕ್ಸಿನ್ ನಿಲ್ದಾಣ, ಕೆಳಗೆ ಸಾಥಾರ್ನ್ ಜೆಟ್ಟಿ]

ನಿರೂಪಣೆ:
ಈಗ ಹಳೇ ಊರಿಗೆ. ಏಳೂವರೆಗೆಲ್ಲ ಬಿಟಿಎಸ್ ಹಿಡಿದು ಸಫಾನ್ ಟಾಕ್ಸಿನ್‌ನಲ್ಲಿ ಇಳಿಯಿರಿ. ಮೆಟ್ಟಿಲಿಳಿದರೆ ಎದುರಿಗೇ ಸಾಥಾರ್ನ್ ಜೆಟ್ಟಿ. ಇಲ್ಲಿ ನೀಲಿ ಬಾವುಟದ ಪ್ರವಾಸಿ ದೋಣಿಯವರು ಮೊದಲು ಎದುರಾಗುತ್ತಾರೆ. ಅದು ಆರಾಮವಾಗಿದೆ, ದರವೂ ಹಾಗೇ ಇದೆ. ನೀವು ಕೇಳಬೇಕಾದ್ದು ಕಿತ್ತಳೆ ಬಾವುಟದ ದೋಣಿ. ಎಲ್ಲಿ ಇಳಿದರೂ 16 ಬಾತ್. ಕಂಡಕ್ಟರ್ ಕೈಯಲ್ಲಿ ಉದ್ದನೆಯ ಲೋಹದ ಡಬ್ಬಿ ಇರುತ್ತೆ. ಚಿಲ್ಲರೆ, ಟಿಕೆಟ್ ಸುರುಳಿ ಎರಡೂ ಅದರೊಳಗೆ. ಅದನ್ನು ಗಲಗಲ ಅನ್ನಿಸಿಕೊಂಡು ಬಂದರೆ ದುಡ್ಡು ಕೊಡಿ ಅಂತ ಅರ್ಥ. ಸಾವಿರದ ನೋಟು ತೋರಿಸಿದರೆ ಮುಖ ಗಂಟು ಹಾಕ್ತಾರೆ, ಇಪ್ಪತ್ತರ ನೋಟುಗಳು ಇರಲಿ.

ದೋಣಿ ಜೆಟ್ಟಿಯಲ್ಲಿ ನಿಲ್ಲೋದು ಕೆಲವೇ ಸೆಕೆಂಡು. ನಿಮ್ಮ ಜೆಟ್ಟಿ ಬರುವ ಮೊದಲೇ ಎದ್ದು ಹಿಂಬದಿಗೆ ಬಂದು ನಿಲ್ಲಿ. ಕೂತಲ್ಲೇ ಕೂತರೆ ಮುಂದಿನ ಜೆಟ್ಟಿಗೇ ಹೋಗಿ ಇಳಿಯೋದು. ಅರಮನೆಗೆ ಇಳಿಯಬೇಕಾದ್ದು ಥಾ ಚಾಂಗ್, ಜೆಟ್ಟಿ ನಂಬರ್ ಎನ್9. ನದಿಯ ಸಹವಾಸ ಬೇಡ ಅನ್ನುವವರಿಗೆ ಎಂಆರ್‌ಟಿ ಮೆಟ್ರೊದ ನೀಲಿ ಮಾರ್ಗದ ಸನಾಮ್ ಚಾಯ್ ನಿಲ್ದಾಣ ಇದೆ. ಅದು ವಾಟ್ ಫೋ ಪಕ್ಕ, ಅರಮನೆ ಬಾಗಿಲಿಗೆ ಇನ್ನೂ ಹದಿನೈದು ನಿಮಿಷ ನಡಿಗೆ.

[ತೆರೆಯ ಮೇಲೆ: 'ಪ್ಯಾಲೇಸ್ ಟುಡೇ ಕ್ಲೋಸ್ಡ್' ಅಂದರೆ ನಿಲ್ಲಬೇಡಿ]

ಇಲ್ಲಿಂದ ಬಾಗಿಲಿನವರೆಗೆ ಎಚ್ಚರ. ಅಚ್ಚುಕಟ್ಟಾಗಿ ಬಟ್ಟೆ ಹಾಕಿದ, ಒಳ್ಳೆ ಇಂಗ್ಲಿಷ್ ಆಡುವ ಒಬ್ಬರು ಬಂದು 'ಇವತ್ತು ಅರಮನೆ ಮುಚ್ಚಿದೆ, ಮಧ್ಯಾಹ್ನ ತೆಗೀತಾರೆ, ಅಲ್ಲಿವರೆಗೆ ಬೇರೆ ದೇವಸ್ಥಾನ ನೋಡಿ' ಅಂತಾರೆ. ಅವರು ಕೈ ಬೀಸಿದರೆ ಟುಕ್‌ಟುಕ್ ಹಾಜರು, ಇಡೀ ಸುತ್ತಿಗೆ ಇಪ್ಪತ್ತೋ ಮೂವತ್ತೋ ಬಾತ್. ಆ ಸುತ್ತು ಮುಗಿಯೋದು ರತ್ನದಂಗಡಿಯಲ್ಲಿ ಅಥವಾ ಸೂಟು ಹೊಲಿಯುವವರ ಹತ್ತಿರ. ಗಿರಾಕಿ ತಂದುಕೊಟ್ಟದ್ದಕ್ಕೆ ಡ್ರೈವರ್‌ಗೆ ಕಮಿಷನ್. ಜಗಳ ಏನೂ ಬೇಡ, ನಕ್ಕು ಮುಂದೆ ನಡೀರಿ. ಮುಚ್ಚಿದೆಯೋ ಇಲ್ಲವೋ ಅಂತ ಟಿಕೆಟ್ ಕೌಂಟರ್‌ನವರು ಹೇಳಲಿ.

ಅರಮನೆ ತೆರೆಯೋದು ಎಂಟೂವರೆಗೆ, ಟಿಕೆಟ್ ಕೊಡೋದು ಮಧ್ಯಾಹ್ನ ಮೂರೂವರೆವರೆಗೆ, ವಿದೇಶಿಯರಿಗೆ 500 ಬಾತ್. ಬಟ್ಟೆ ವಿಷಯದಲ್ಲಿ ರಿಯಾಯಿತಿ ಇಲ್ಲ. ಮೊಣಕಾಲು, ಭುಜ ಮುಚ್ಚಿರಬೇಕು. ತೋಳಿಲ್ಲದ ಟಾಪ್ ಮೇಲೆ ಶಾಲು ಹೊದ್ದರೆ ಸಾಕು ಅಂದುಕೊಂಡವರನ್ನು ವಾಪಸ್ ಕಳಿಸ್ತಾರೆ. ಹರಿದ ಜೀನ್ಸ್, ಮೈಗಂಟಿದ ಲೆಗಿಂಗ್ಸ್ ಕೂಡ ನಡೆಯಲ್ಲ. ಚೂಡಿದಾರ್, ಅರ್ಧ ತೋಳಿನ ಶರ್ಟು, ಹತ್ತಿ ಪ್ಯಾಂಟು, ತೊಂದರೆ ಇಲ್ಲ. ಚಪ್ಪಲಿ ಬೇಗ ಬಿಚ್ಚಿ ಹಾಕುವಂಥದ್ದಿರಲಿ.

[ದೃಶ್ಯ: ವಾಟ್ ಫ್ರಾ ಕೇವ್ ಸುತ್ತಿನ ಚಾವಡಿ, ಗೋಡೆ ಚಿತ್ರದ ಹತ್ತಿರದ ನೋಟ, ಚಿನ್ನದ ರೇಕು ಹಚ್ಚಿದ ಕಿರೀಟ]

ಥಾಯ್ ರಾಜ ಒಂದನೇ ರಾಮ 1782ರಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆ ಇದು. ಆವರಣದೊಳಗಿನ ವಾಟ್ ಫ್ರಾ ಕೇವ್ ದೇವಸ್ಥಾನದಲ್ಲಿ ಎಲ್ಲರೂ ಪಚ್ಚೆ ಬುದ್ಧನ ಕಡೆ ಓಡ್ತಾರೆ. ಮೂರ್ತಿ 66 ಸೆಂಟಿಮೀಟರ್ ಎತ್ತರ, ಎತ್ತರದ ಪೀಠದ ಮೇಲೆ ದೂರದಲ್ಲಿ. ಬೇಸಿಗೆ, ಮಳೆ, ಚಳಿ, ಮೂರು ಕಾಲಕ್ಕೆ ಮೂರು ಉಡುಗೆ, ಬದಲಾಯಿಸೋದು ಸ್ವತಃ ರಾಜ. ಒಳಗೆ ಫೋಟೋ ಇಲ್ಲ. ಐದು ನಿಮಿಷ ಕೂತು ನೋಡಿ, ಕಾಲು ಹಿಂದಕ್ಕೆ ಮಡಚಿಕೊಂಡು. ಪಾದ ಬುದ್ಧನ ಕಡೆ ಚಾಚಬಾರದು.

ಆದರೆ ನಮ್ಮವರು ಸಮಯ ಕೊಡಬೇಕಾದ್ದು ಹೊರಗಿನ ಸುತ್ತು ಚಾವಡಿಗೆ. ಗೋಡೆ ತುಂಬ ರಾಮಕಿಯೆನ್, ಥಾಯ್ ರಾಮಾಯಣ, 178 ಚಿತ್ರಗಳು. ಉತ್ತರದ ಬಾಗಿಲ ಹತ್ತಿರ ಜನಕನಿಗೆ ಸೀತೆ ಸಿಗುವಲ್ಲಿಂದ ಕಥೆ ಶುರು. ಹನುಮಂತ ಇಲ್ಲಿ ಅಚ್ಚ ಬಿಳಿ, ಬ್ರಹ್ಮಚಾರಿಯಂತೂ ಅಲ್ಲ. ರಾವಣನ ಮಗಳಾದ ಮತ್ಸ್ಯಕನ್ಯೆಯ ಜೊತೆ ಅವನ ಪ್ರೇಮಪ್ರಸಂಗವೇ ಇದೆ, ಮೀನಿನ ಬಾಲದ ಮಗನೂ ಹುಟ್ಟುತ್ತಾನೆ. ಮುಂದೆ ಹೋದರೆ ಬೆಟ್ಟದಷ್ಟು ಬೆಳೆದ ಹನುಮಂತ ರಾಮನ ಬಿಡಾರವನ್ನು ಬಾಯೊಳಗಿಟ್ಟು ಕಾಯುತ್ತಿರುತ್ತಾನೆ. ಆದರೂ ರಾಮನನ್ನು ಕದ್ದು ಪಾತಾಳಕ್ಕೆ ಒಯ್ಯುವವನು ಮೈಯರಾಪ್. ಯಕ್ಷಗಾನದಲ್ಲಿ ಮೈರಾವಣ ಕಾಳಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವಾಲ್ಮೀಕಿಯಲ್ಲಿ ಇಲ್ಲದ ಈ ಕಥೆ ನಮ್ಮ ಕರಾವಳಿಯ ರಂಗಕ್ಕೂ ಬ್ಯಾಂಕಾಕ್‌ನ ಗೋಡೆಗೂ ತಲುಪಿದೆ. ಚಿತ್ರಗಳನ್ನು ಎಷ್ಟೋ ಸಲ ತಿದ್ದಿ ಬರೆದಿದ್ದಾರೆ, ನೆಲದ ತೇವ ಗೋಡೆಗೇರಿ ಬಣ್ಣ ಉದುರಿಸುತ್ತೆ. ಕೈ ಮುಟ್ಟಬೇಡಿ.

ಹನ್ನೊಂದರ ಹೊತ್ತಿಗೆ ಹೊರಗೆ ಬಂದು ದಕ್ಷಿಣಕ್ಕೆ ನಡೆದರೆ ವಾಟ್ ಫೋ, ಟಿಕೆಟ್ 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ. ಎಲ್ಲರೂ ಮುಖದ ಹತ್ತಿರ ನೂಕುನುಗ್ಗಲು ಮಾಡ್ತಾರೆ. ನೀವು ಕಾಲಿನ ಕಡೆ ಹೋಗಿ ನಿಲ್ಲಿ, ಅಂಗಾಲಿನಲ್ಲಿ ಮುತ್ತಿನಚಿಪ್ಪು ಕೂರಿಸಿ ಮಾಡಿದ 108 ಶುಭಚಿಹ್ನೆಗಳಿವೆ. ಆಮೇಲೆ ಥಾ ಟಿಯನ್ ಜೆಟ್ಟಿಯಿಂದ ಐದು ಬಾತ್ ಕೊಟ್ಟು ಆಚೆ ದಡಕ್ಕೆ ದಾಟಿದರೆ ವಾಟ್ ಅರುಣ್, 200 ಬಾತ್. ಗೋಪುರದ ಮೈಯಲ್ಲಿ ಹೂವಿನಂತೆ ಕಾಣೋದೆಲ್ಲ ಪಿಂಗಾಣಿ ಚೂರು. ಮೆಟ್ಟಿಲು ಕಡಿದಾಗಿವೆ, ಹತ್ತೋದಕ್ಕಿಂತ ಇಳಿಯೋದು ಕಷ್ಟ, ಮಂಡಿನೋವಿನವರು ಕೆಳಗಿಂದಲೇ ನೋಡಿದರೆ ಏನೂ ನಷ್ಟವಿಲ್ಲ.

[ದೃಶ್ಯ: ಕೆಂಪು ಅಕ್ಷರದ ಹಳದಿ ಬಾವುಟ ಕಟ್ಟಿದ ತಿಂಡಿಗಾಡಿ]

ಇನ್ನು ಸಸ್ಯಾಹಾರಿಗಳ ಊಟ. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ಬರಲ್ಲ, ಮೀನಿನ ಸಾಸ್ ಬಂದೇ ಬರುತ್ತೆ. ಅಲ್ಲಿ ಅದು ಉಪ್ಪಿನ ಲೆಕ್ಕ. ಪಾಡ್ ಥಾಯ್ ನೂಡಲ್ಸ್‌ನಲ್ಲಿ ಒಣ ಸಿಗಡಿ, ಪಪ್ಪಾಯಿ ಕೋಸಂಬರಿಯಲ್ಲಿ ಮೀನಿನ ಸಾಸ್, ಹುರಿದ ಸೊಪ್ಪಿನಲ್ಲಿ ಆಯ್ಸ್ಟರ್ ಸಾಸ್. ಹೇಳಬೇಕಾದ ಮಾತು 'ಕಿನ್ ಜೇ'. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಧೈರ್ಯವಾಗಿ ಕೂತುಕೊಳ್ಳಿ. ಬೇರೆ ಕಡೆ 'ಮಾಯ್ ಸಾಯ್ ನಾಮ್ ಪ್ಲಾ', ಮೀನಿನ ಸಾಸ್ ಹಾಕಬೇಡಿ ಅಂತ ಹೇಳಿ. ಕಾಯಿಹಾಲಿನ ಅಂಟನ್ನ ಮತ್ತು ಮಾವಿನಹಣ್ಣು ಸಾಮಾನ್ಯವಾಗಿ ನಿಶ್ಚಿಂತೆ. ರೊಟ್ಟಿ ಸಾರು ಬೇಕೇ ಬೇಕು ಅಂದರೆ ಫಾಹುರಾತ್‌ಗೆ ಹೋಗಿ, ಎಂಆರ್‌ಟಿ ಸಾಮ್ ಯೋಟ್ ನಿಲ್ದಾಣ. ಗುರುದ್ವಾರದ ಸುತ್ತಮುತ್ತ ಪಂಜಾಬಿ ಊಟ ಸಿಗುತ್ತೆ.

ಕಾನೂನಿನ ಎರಡು ಮಾತು, ತಮಾಷೆಯಲ್ಲ. ರಾಜಮನೆತನವನ್ನು ಅವಮಾನಿಸಿದರೆ 3ರಿಂದ 15 ವರ್ಷ ಜೈಲು. ಇನ್‌ಸ್ಟಾಗ್ರಾಂ ಜೋಕಿಗೂ ಅದು ಅನ್ವಯ. ಇ-ಸಿಗರೇಟು ನಿಷಿದ್ಧ, ಅಂಗಡಿಯಲ್ಲಿ ಕಂಡರೂ ಕೊಳ್ಳಬೇಡಿ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಬಂದಾಗ ಇದ್ದಲ್ಲೇ ನಿಲ್ಲಿ.

[ತೆರೆಯ ಮೇಲೆ: ಬಿಕೆಕೆ ಸುವರ್ಣಭೂಮಿ, ಡಿಎಂಕೆ ಡಾನ್ ಮುಆಂಗ್]

ನಿರೂಪಣೆ:
ವಾಪಸ್ ಹೊರಡುವ ಹಿಂದಿನ ರಾತ್ರಿ ಟಿಕೆಟ್ ತೆಗೆದು ನಿಲ್ದಾಣದ ಹೆಸರು ನೋಡಿ. ಎರಡು ಏರ್‌ಪೋರ್ಟುಗಳು ಊರಿನ ಬೇರೆ ಬೇರೆ ದಿಕ್ಕಿನಲ್ಲಿವೆ. ತಪ್ಪಾಗಿ ಹೋದರೆ ಒಂದರಿಂದ ಇನ್ನೊಂದಕ್ಕೆ ಪ್ರಯಾಣಿಕರಿಗೆ ಉಚಿತ ಬಸ್ ಇದೆ, ಟಿಕೆಟ್ ತೋರಿಸಬೇಕು. ಆದರೆ ಸಂಜೆ ಟ್ರಾಫಿಕ್‌ನಲ್ಲಿ ಅದಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಕು. ಏರ್‌ಪೋರ್ಟ್ ರೈಲು ಮಧ್ಯರಾತ್ರಿಗೆ ನಿಲ್ಲುತ್ತೆ, ಮತ್ತೆ ಶುರುವಾಗೋದು ಬೆಳಗಿನ ಐದೂವರೆಗೆ. ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ರಾತ್ರಿಯೇ ಟ್ಯಾಕ್ಸಿ ಗೊತ್ತುಮಾಡಿಕೊಳ್ಳಿ.