ಅಡಿಕೆ ಅಂಗಳದ ಮೂಲೆಯಲ್ಲಿ ಒಂದೇ ಚಕ್ರ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಸೈಕಲ್ ಬಗ್ಗೆ ಮಾತಾಡ್ತೇನೆ, ಆದ್ರೆ ಮಂಗಳೂರಿಂದ ಕಾರ್ಕಳಕ್ಕೆ ಹೋಗುವ ಸೈಕಲ್ ಅಲ್ಲ, ನಿಂತಲ್ಲೇ ಕುಣಿಯುವ ಸೈಕಲ್. ಟ್ರಯಲ್ಸ್ ಅಂತ ಹೇಳ್ತಾರೆ ಅದಕ್ಕೆ. ಬಂಡೆ, ಮರದ ದಿಮ್ಮಿ, ಕಟ್ಟೆ, ಎಂತ ಅಡ್ಡ ಬಂದ್ರೂ ಕಾಲು ನೆಲಕ್ಕೆ ತಾಗದೆ ದಾಟ್ಬೇಕು. ಸ್ಪೇನಿನ ಪೆರೆ ಪಿ ಅಂತ ಒಬ್ರು ಮೋಟಾರ್‌ಸೈಕಲ್ ಟ್ರಯಲ್ಸ್ ಸವಾರರು, ಪೆಡಲ್ ಸೈಕಲ್‌ಗೆ ಈ ಆಟ ಬಂದದ್ದು ಅವರಿಂದ, ಅವರ ಮಗ ಓಟ್ ಪಿ ಮುಂದೆ ವಿಶ್ವ ಚಾಂಪಿಯನ್ನೇ ಆದ.

ನಂಗೆ ಅಷ್ಟೆಲ್ಲ ಆಸೆ ಇಲ್ಲ ಮಾರಾಯ್ರೆ. ಹಿಂದಿನ ಚಕ್ರದ ಮೇಲೆ ಹತ್ತು ಸಲ ಹಾರ್ಬೇಕು, ಅಷ್ಟೇ. ಉಡುಪಿ ಹತ್ರ ನಮ್ಮ ಮನೆ, ಇದ್ದದ್ದು ಹಳೇ ಗೇರ್ ಸೈಕಲ್. ಸೀಟು ಪೂರ್ತಿ ಇಳಿಸಿದೆ, ಮುಂದೆ 24 ಹಲ್ಲಿನ ಚಿಕ್ಕ ಚಕ್ರಕ್ಕೆ, ಹಿಂದೆ 20 ಹಲ್ಲಿನದ್ದಕ್ಕೆ ಚೈನ್ ಹಾಕಿದೆ. ದೊಡ್ಡ ಟ್ರಯಲ್ಸ್ ಸೈಕಲ್‌ಗಳಲ್ಲಿ 18ಕ್ಕೆ 15 ಇರ್ತದೆ, ಲೆಕ್ಕ ಎರಡೂ ಒಂದೇ, ಪೆಡಲ್ ಒಂದು ಸುತ್ತಿಗೆ ಚಕ್ರ 1.2 ಸುತ್ತು. ಗೇರ್ ಹಗುರ ಇಲ್ಲದಿದ್ರೆ ಈ ವಿದ್ಯೆ ಬರುದೇ ಇಲ್ಲ.

ಒಂದು ತಿಂಗಳು ನಾನು ಮಾಡಿದ್ದು ಹ್ಯಾಂಡಲ್ ಹಿಡಿದು ಎಳೆಯುದು. ಎಳೆದದ್ದೇ ಎಳೆದದ್ದು, ಕೊನೆಗೆ ಬೆನ್ನಡಿ ಬಿದ್ದು ಮುರಕಲ್ಲಿಗೆ ಮೊಣಕೈ ತರಚಿ, ಅಮ್ಮ ಹೊರಗೆ ಬಂದು "ಈ ಪ್ರಾಯದಲ್ಲಿ ನಿಂಗೆ ಸೈಕಲ್ ಪುನಃ ಕಲೀಬೇಕಾ" ಅಂತ ಕೇಳಿದ್ರು. ಆಮೇಲೆ ನಾನು ಮೊದ್ಲು ಕಲಿತದ್ದು ಇಳಿಯುದನ್ನು. ಹಿಂದೆ ವಾಲಿತು ಅಂತ ಅನಿಸಿದ ಕೂಡ್ಲೆ ಸೈಕಲ್ ಬಿಟ್ಟು ಎರಡೂ ಕಾಲಲ್ಲಿ ಅದರ ಹಿಂದೆ ನಿಲ್ಲುದು. ಅದು ಬಂದ್ಮೇಲೆ ಹೆದರಿಕೆ ಅರ್ಧ ಹೋಯ್ತು.

ಮುಂದಿನ ಚಕ್ರ ಎತ್ತುದು ಕೈ ಅಲ್ಲ, ಕಾಲು. ಎರಡು ಪೆಡಲೂ ಸಮ ಇಟ್ಟು, ಬಲ ಇರುವ ಕಾಲು ಮುಂದೆ. ಹಿಂದಿನ ಬ್ರೇಕ್ ಮೇಲೆ ಒಂದೇ ಬೆರಳು, ತೋರುಬೆರಳು. ಬೆರಳು ಸಡಿಲ ಬಿಟ್ಟು ಪೆಡಲ್‌ಗೆ ಸುತ್ತಿನ ಕಾಲುಭಾಗವೂ ಇಲ್ಲದ ಒಂದು ಗುದ್ದು ಕೊಟ್ಟು, ಸೊಂಟ ಹಿಂದೆ ತಂದು, ಸೈಕಲ್ ಮೂತಿ ಎದ್ದ ಕ್ಷಣಕ್ಕೆ ಬೆರಳು ಟಕ್ ಅಂತ ಮುಚ್ಚುದು. ಕೈ ನೇರ, ಮೊಣಕಾಲು ಮಡಿಸಿ. ಈಗ ಹಾರುದು, ಅದಕ್ಕೆ ಮೊದ್ಲು ಕುಸೀಬೇಕು. ಯಕ್ಷಗಾನದ ಪುಂಡುವೇಷದವರು ಸುತ್ತುತ್ತಾ ಹಾರುವ ಧೀಂಗಿಣಕ್ಕೆ ಮುಂಚೆ ತಗ್ಗುದಿಲ್ವಾ, ಹಾಗೇ. ಹಾರುವಷ್ಟು ಹೊತ್ತೂ ಬ್ರೇಕ್ ಬಿಡ್ಲಿಕ್ಕಿಲ್ಲ, ಮೂತಿ ಇಳಿಯುವಾಗ ಮಾತ್ರ ಬಿಡುದು.

ಬ್ಯಾಲೆನ್ಸ್ ಎಲ್ಲಿಂದ ಬರ್ತದೆ ಅಂತ ಕೇಳಿದ್ರೆ, ಅಂಗೈ ಮೇಲೆ ಕೋಲು ನಿಲ್ಲಿಸಿದ್ದು ನೆನಪುಂಟಾ? ಕೋಲು ಯಾವ ಕಡೆ ವಾಲ್ತದೋ ಕೈ ಆ ಕಡೆಗೇ ಓಡ್ಬೇಕು. ಇಲ್ಲೂ ಅದೇ ಕತೆ. ಮೂತಿ ಇಳೀತದೆ ಅಂದ್ರೆ ಬ್ರೇಕ್ ಬಿಟ್ಟು ಪೆಡಲ್‌ಗೆ ಸಣ್ಣ ಗುದ್ದು, ಚಕ್ರ ಮುಂದೆ ಬಂದು ನಮ್ಮ ಅಡಿಗೆ ಸೇರ್ತದೆ. ಹಿಂದೆ ವಾಲಿದ್ರೆ ಬ್ರೇಕ್ ಹಿಡಿದುಕೊಂಡೇ ಒಂದು ಗೇಣು ಹಿಂದಕ್ಕೆ ಹಾರುದು. ಬೀಳುವ ದಿಕ್ಕಿಗೆ ಹೋಗುದು ಅಂದ್ರೆ ತಲೆ ಒಪ್ಪುದಿಲ್ಲ, ನಂಗೆ ಒಪ್ಪಿಸ್ಲಿಕ್ಕೆ ಎರಡು ತಿಂಗಳು ಹಿಡೀತು.

ಮತ್ತೆ ಮಳೆಗಾಲದಲ್ಲಿ ರಿಮ್ ಬ್ರೇಕ್, ಅಂದ್ರೆ ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್, ನಂಬ್ಬೇಡಿ, ನೀರು ಕೂತ ರಿಮ್ ಜಾರ್ತದೆ, ಅಂಗಳದ ಪಾಚಿ ಬೇರೆ.

ನಿಜ ಹೇಳ್ಬೇಕಂದ್ರೆ ನಂಗೆ ಕಲಿಸಿದ್ದು ಅಡಿಕೆ. ಅಂಗಳ ತುಂಬ ಒಣಗ್ಲಿಕ್ಕೆ ಹರಡಿದ್ರು, ಉಳಿದದ್ದು ತುಳಸಿಕಟ್ಟೆ ಪಕ್ಕ ಚಾಪೆಯಷ್ಟು ಜಾಗ. ಅದರಿಂದ ಹೊರಗೆ ಹೋದ್ರೆ ಅಡಿಕೆ ಚಕ್ರದಡಿಗೆ, ಅಮ್ಮನ ಬೈಗುಳ ತಲೆ ಮೇಲೆ. ಅಲ್ಲೇ ಮೂರು, ಐದು, ಏಳು ಅಂತ ಹೋಯ್ತು. ಈಗ ಅಡಿಕೆ ಚೀಲಕ್ಕೆ ಹೋಗಿದೆ, ಅಂಗಳ ಪೂರ್ತಿ ಖಾಲಿ, ನಾನು ಮಾತ್ರ ಇನ್ನೂ ಆ ಮೂಲೆಯಲ್ಲೇ. ನಿನ್ನೆ ಒಂಬತ್ತು.