ಸಾಲದವರು ಬಾಗಿಲಿಗೆ ಬಂದಾಗ

ಕೇಳುಗರಿಗೆ ನಮಸ್ಕಾರ.

ಸಾಲ ವಸೂಲಿಗೆ ಅಂತ ಬಂದ ಇಬ್ಬರು ನಮ್ಮ ಅಣ್ಣನ ಮನೆ ಬಾಗಿಲಲ್ಲಿ ನಿಂತಿದ್ದರು. ಒಬ್ಬ ಒಳಗೆ ಬಗ್ಗಿ ನೋಡಿ, "ಆ ಹೊಲಿಗೆ ಮೆಷಿನ್ ಎತ್ತಿಕೊಂಡು ಹೋಗ್ತೀವಿ" ಅಂದ. ಅತ್ತಿಗೆ ಏನೂ ಮಾತಾಡಲಿಲ್ಲ. ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಂತುಬಿಟ್ಟರು. ಸೂಜಿಯ ಕೆಳಗೆ ಅರ್ಧ ಹೊಲಿದ ಬಟ್ಟೆ ಹಾಗೇ ಇತ್ತು. ಸಾಲ ಅಣ್ಣನದು, ಮೆಷಿನ್ ಅತ್ತಿಗೆಯದು, ಅವರೇ ದುಡಿದು ಕೊಂಡದ್ದು. ಆದರೆ ಆ ಹೊತ್ತಿನಲ್ಲಿ ಇಷ್ಟು ಸಣ್ಣ ಮಾತು ನಮಗ್ಯಾರಿಗೂ ಹೊಳೆಯಲಿಲ್ಲ.

ರಾತ್ರಿ ಎಲ್ಲರೂ ಸೇರಿ ಯೋಚಿಸಿದ್ದು ಒಂದೇ. ಅಣ್ಣನ ಹೆಸರಲ್ಲಿದ್ದ ಮನೆಯನ್ನು ನಾಳೆಯೇ ಅತ್ತಿಗೆ ಹೆಸರಿಗೆ ದಾನಪತ್ರ ಮಾಡಿಬಿಡೋಣ, ಆಮೇಲೆ ಯಾರೇನು ಮಾಡ್ತಾರೆ ನೋಡೋಣ ಅಂತ. ನಿಮ್ಮ ಮನೆಯಲ್ಲೂ ಇದೇ ಮಾತು ಬರುತ್ತದೆ, ಅಲ್ವಾ? ದಯವಿಟ್ಟು ಆ ಕೆಲಸ ಮಾಡಬೇಡಿ. ಸಾಲ ಕೊಟ್ಟವರಿಗೆ ಸಿಗಬಾರದು ಅನ್ನೋ ಉದ್ದೇಶಕ್ಕೆ ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಪ್ರಕಾರ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಬಹುದು. ಇದು ಬಹಳ ಹಳೆಯ ಉಪಾಯ. ಇಂಗ್ಲೆಂಡಿನಲ್ಲಿ 1571ರಲ್ಲೇ ಇದರ ವಿರುದ್ಧ ಕಾನೂನು ಬಂದಿತ್ತು. ಇನ್ನೊಂದು ಅಪಾಯವೂ ಇದೆ. ಆಸ್ತಿ ಕೈದಾಟಿಸುತ್ತಿದ್ದೀರಿ ಅಂತ ಕೋರ್ಟಿಗೆ ಮನವರಿಕೆಯಾದರೆ, ಕೇಸು ತೀರ್ಮಾನ ಆಗೋ ಮೊದಲೇ ಜಪ್ತಿಗೆ ಆದೇಶ ಕೊಡಬಹುದು. ಅಂದರೆ ಉಳಿಸಿಕೊಳ್ಳೋಕೆ ಮಾಡಿದ ಕೆಲಸವೇ ಮನೆಗೆ ಬೇಗ ಕುತ್ತು ತರುತ್ತದೆ.

ಹಾಗಾದರೆ ಮಾಡೋದೇನು? ಮೊದಲು ಸಾಲದ ಪತ್ರ ಕೈಯಲ್ಲಿ ಹಿಡಿದು ಕೂತು ನೋಡಿ. ಏನಾದರೂ ಅಡವಿಟ್ಟಿದ್ದೀರಾ? ಮನೆ ಅಡವಿಟ್ಟು ಬ್ಯಾಂಕಿನಲ್ಲಿ ಪಡೆದ ಸಾಲವಾದರೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನದ ನೋಟಿಸು ಕೊಟ್ಟು, ಅಡವಿಟ್ಟ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಮುಂದುವರಿಯಬಹುದು. ಆ 60 ದಿನ ಬಹಳ ದೊಡ್ಡದು, ಸುಮ್ನೆ ಕಳೆಯಬೇಡಿ. ಲಿಖಿತವಾಗಿ ಉತ್ತರ ಕೊಡಿ, ಕಂತು ಬದಲಿಸಲು ಕೇಳಿ. ಏನೂ ಅಡವಿಡದೆ ತೆಗೆದುಕೊಂಡ ಕೈಸಾಲ, ಕಾರ್ಡಿನ ಸಾಲ, ಪರ್ಸನಲ್ ಲೋನ್ ಆದರೆ ಕಥೆಯೇ ಬೇರೆ. ಅಲ್ಲಿ ಕೋರ್ಟೋ ನ್ಯಾಯಮಂಡಳಿಯೋ ಆದೇಶ ಕೊಡದೆ ಮನೆಯ ಒಂದು ಚಮಚವನ್ನೂ ಮುಟ್ಟುವ ಹಕ್ಕು ವಸೂಲಿ ಏಜೆಂಟರಿಗಿಲ್ಲ. ಬ್ಯಾಂಕಿನ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕೋರ್ಟಿನ ಡಿಕ್ರಿ, ಅಂದರೆ ಸಾಲ ತೀರಿಸಬೇಕು ಅನ್ನೋ ತೀರ್ಪು, ಬಂದರೂ ಎಲ್ಲವೂ ಹೋಗೋದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅನ್ನು ಒಮ್ಮೆ ಯಾರಿಂದಲಾದರೂ ಓದಿಸಿ ಕೇಳಿ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ, ರೈತ ಬದುಕು ನಡೆಸಲು ಬೇಕಾದ ನೇಗಿಲು, ಎತ್ತು, ಬಿತ್ತನೆ ಬೀಜ, ರೈತ ಮತ್ತು ಕೂಲಿಕಾರ ತಾವೇ ವಾಸವಿರುವ ಮನೆ, ಇವನ್ನೆಲ್ಲ ಜಪ್ತಿ ಮಾಡುವಂತಿಲ್ಲ. ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ನೂರು ವರ್ಷ ದಾಟಿದ ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಸೋತ ಮನುಷ್ಯನೂ ನಾಳೆ ಅನ್ನ ಬೇಯಿಸಬೇಕು, ಮತ್ತೆ ದುಡಿಯಬೇಕು ಅಂತ ಯಾರೋ ಯೋಚಿಸಿ ಬರೆದಿದ್ದಾರೆ.

ಇನ್ನು ಮನೆಯವರ ವಿಷಯ. ಗಂಡ ಮಾಡಿದ ಸಾಲಕ್ಕೆ ಹೆಂಡತಿಯ ಸ್ವಂತ ಆಸ್ತಿ ಹೊಣೆಯಲ್ಲ, ಅವರು ಜೊತೆಗೆ ಸಹಿ ಹಾಕದಿದ್ದರೆ. ಆದ್ದರಿಂದ ಸಹಿ ಹಾಕುವ ಮುಂಚೆ ಹತ್ತು ಸಲ ಯೋಚಿಸಿ. ಜಾಮೀನು ಹಾಕಿದವರ ಹೊಣೆ ಸಾಮಾನ್ಯವಾಗಿ ಸಾಲ ಪಡೆದವರಷ್ಟೇ ದೊಡ್ಡದು, ಕಡಿಮೆಯೇನಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳನ್ನು ಹೆದರಿಸುವವರೂ ಇದ್ದಾರೆ. ತಂದೆಯಿಂದ ಎಷ್ಟು ಆಸ್ತಿ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಮಕ್ಕಳು ಹೊಣೆ, ತಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕಿಲ್ಲ.

ತಪ್ಪಾಗಿ ನಿಮ್ಮ ವಸ್ತುವನ್ನು ಜಪ್ತಿ ಮಾಡಿದರೆ, "ಇದು ಸಾಲಗಾರರದ್ದಲ್ಲ, ನನ್ನದು" ಅಂತ ಜಪ್ತಿಗೆ ಆದೇಶ ಕೊಟ್ಟ ಕೋರ್ಟಿಗೇ ತಕರಾರು ಅರ್ಜಿ ಹಾಕಬಹುದು. ಹರಾಜಾಗುವ ಮೊದಲೇ ಹಾಕಿ, ತಡ ಮಾಡಬೇಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಕೈಕಟ್ಟಿ ಕೂರಬೇಡಿ. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ನೆರವು ಸಿಗುತ್ತದೆ. ಆದರೆ ಅರ್ಜಿ ಹಾಕುವಾಗ ಕೈಯಲ್ಲಿ ಕಾಗದ ಬೇಕು. ರಸೀದಿ, ಬ್ಯಾಂಕಿನ ಪಾಸ್‌ಬುಕ್, ಯಾರ ಖಾತೆಯಿಂದ ದುಡ್ಡು ಹೋಯಿತು ಅನ್ನೋ ಗುರುತು.

ಅತ್ತಿಗೆ ಮರುದಿನ ಟ್ರಂಕ್ ಪೂರ್ತಿ ಹುಡುಕಿದರು. ಸೀರೆಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಹಳದಿ ತಿರುಗಿದ ಮೆಷಿನ್ನಿನ ಬಿಲ್ಲು ಸಿಕ್ಕಿತು. ಅದರ ಮೇಲೆ ಅವರ ಹೆಸರಿತ್ತು. ಆ ಇಬ್ಬರು ಮತ್ತೆ ಬಂದಾಗ ಅತ್ತಿಗೆಯೇ ಬಾಗಿಲು ತೆರೆದರು, ಬಿಲ್ಲು ತೋರಿಸಿದರು, "ಕೋರ್ಟಿನ ಆದೇಶ ಎಲ್ಲಿ, ಕೊಡಿ" ಅಂದರು.

ನಮಸ್ಕಾರ.